ಏಳನೆಯ ಬಾಟಲಿ

ಎಲ್ಲಕ್ಕೂ ಮೂಲ ಒಂದು ಒಳ್ಳೆಯ ಉದ್ದೇಶ. ಲೋಕದ ಅರ್ಧ ರಗಳೆ ಹುಟ್ಟುವುದೇ ಹಾಗೆ.

ಹೆತ್ತವರ ಆಸರೆ ತಪ್ಪಿದ ಹನ್ನೊಂದು ಮಂದಿ ಹದಿಹರೆಯದವರಿದ್ದ ಆ ಸರ್ಕಾರಿ ಪಾಲನಾ ಮನೆಗೆ ಒಬ್ಬರು ಮೇಲ್ವಿಚಾರಕರಿದ್ದರು. ಮಕ್ಕಳು ಅವರನ್ನು ಮಾಮ ಎನ್ನುತ್ತಿದ್ದರು. ಯಾರಾದರೂ ಅಮಲಿನ ದಾರಿ ಹಿಡಿದಿದ್ದರೆ ಬೇಗ ತಿಳಿಯಲಿ ಎಂದು ಅಲ್ಲಿ ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ನಡೆಯುತ್ತಿತ್ತು. ಬಾಟಲಿಯ ಮೇಲೆ ಹೆಸರಿಲ್ಲ, ಡಬ್ಬಿಯಿಂದ ಎತ್ತಿದ ನಂಬರಿನ ಚೀಟಿ ಮಾತ್ರ. ಯಾವ ನಂಬರು ಯಾರದೆಂಬುದು ಆಪ್ತಸಮಾಲೋಚಕಿಯ ಪುಸ್ತಕದಲ್ಲಿ, ಪುಸ್ತಕ ಬೀಗದೊಳಗೆ.

ಈ ಸಲ ಮಕ್ಕಳು ಮುಖ ಊದಿಸಿಕೊಂಡವು. "ನಾವೇನು ಕಳ್ಳರಾ ಮಾಮ?"

"ಅಯ್ಯೋ, ಅದಕ್ಯಾಕೆ ಬೇಜಾರು? ನಾನೂ ಕೊಡ್ತೀನಿ ಬನ್ರೋ," ಎಂದು ಮಾಮ ಸಾಲಿನಲ್ಲಿ ನಿಂತೇಬಿಟ್ಟರು. ಕನ್ನಡಕ ಮೇಜಿನ ಮೇಲೇ ಉಳಿದಿತ್ತು. ಕೈಗೆ ಬಂದ ಚೀಟಿಯನ್ನು ಬಾಟಲಿಗೆ ಅಂಟಿಸಿ, ಪುಸ್ತಕದಲ್ಲಿ ರುಜು ಹಾಕಿ ಕೊಟ್ಟು ಮರೆತರು.

ಎಂಟು ದಿನದ ಮೇಲೆ, ಒಂದು ಬೆಳಿಗ್ಗೆ ವರದಿ ಬಂತು. ಹನ್ನೆರಡು ಬಾಟಲಿಯಲ್ಲಿ ಹನ್ನೊಂದು ಶುದ್ಧ. ಏಳನೆಯದು ಮಾತ್ರ ಪಾಸಿಟಿವ್.

ನಿಯಮ ಸರಳವಾಗಿತ್ತು. ಏಳನೆಯವರು ಸಂಜೆ ಐದರೊಳಗೆ ತಾವಾಗಿ ಬಂದು ಒಪ್ಪಿಕೊಂಡರೆ ವಿಷಯ ನಾಲ್ಕು ಗೋಡೆಯೊಳಗೇ ಮುಗಿಯುತ್ತದೆ. ಎಂಟು ಗುರುವಾರ ಸಮಾಲೋಚಕಿಯ ಮುಂದೆ ಕೂತು ಮಾತಾಡಬೇಕು, ಅಷ್ಟೆ. ಬರದಿದ್ದರೆ ಹೆಸರು ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಅಲ್ಲಿಯ ತನಕ ಸಮಾಲೋಚಕಿ ಬಾಯಿ ಬಿಡುವಂತಿಲ್ಲ.

ಮಾಮನ ಮನಸ್ಸು ನೇರ ಗಿಣಿಯ ಹತ್ತಿರ ಹೋಯಿತು. ಮಾತಿನ ಮಲ್ಲಿಯಾದ ಹದಿನೇಳರ ಆ ಹುಡುಗಿಗೆ ಮನೆಯವರೆಲ್ಲ ಇಟ್ಟ ಹೆಸರು ಅದು. ಎರಡು ವರ್ಷದ ಹಿಂದೆ ಅಂಟಿನ ವಾಸನೆ ಎಳೆಯುವ ಚಟದೊಂದಿಗೆ ಬಂದವಳು, ಎಂಟು ಗುರುವಾರ ಕೂತು, ಹಲ್ಲು ಕಚ್ಚಿ ಬಿಟ್ಟಿದ್ದಳು. ಸೋಮವಾರ ಊರಿನ ಮೇಷ್ಟ್ರು ದಂಪತಿ ಅವಳನ್ನು ಮಗಳಂತೆ ಸಾಕಲು ಕರೆದೊಯ್ಯುವವರಿದ್ದರು. ಹೆಸರು ಸಮಿತಿಗೆ ಹೋದರೆ ಆ ಮನೆಯ ಬಾಗಿಲು ಮುಚ್ಚಿದ ಹಾಗೆಯೇ.

ತಿಂಡಿಯ ಹೊತ್ತಿಗೆ ಮಾಮ ಭಾಷಣ ಮಾಡಿದರು. "ಹೆದರಬೇಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ..." ಮಾತು ಮುಗಿಯುವುದರೊಳಗೆ ಹನ್ನೊಂದು ಮಂದಿಯೂ ಒಟ್ಟಿಗೆ ಹೆಗಲು ಮುಟ್ಟಿಕೊಂಡರು. ಗೇಟಿನ ಕಾವಲುಗಾರ ಕೂಡ ಮುಟ್ಟಿಕೊಂಡ.

ಒಬ್ಬೊಬ್ಬರನ್ನೇ ಕರೆದು ಕೇಳಿದರೆ ಒಂದೇ ಉತ್ತರ: "ನಂದಲ್ಲ ಮಾಮ." ಯಾವ ಕಳ್ಳ ತಾನು ಕಳ್ಳ ಅಂತಾನೆ ಎಂದು ಮಾಮ ನಂಬಲಿಲ್ಲ. ಗಿಣಿ ಮಾತ್ರ ಉತ್ತರವನ್ನೇ ಕೊಡದೆ ಅವರ ಮುಖವನ್ನು ಅರ್ಧ ನಿಮಿಷ ನೋಡಿ ಎದ್ದುಹೋದಳು.

ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಸಲಹೆ ಕೊಡಲು ಬಂದರು. "ಲಕ್ಷಣ ನೋಡ್ಬೇಕು ಕಣ್ರಿ. ತೂಕಡಿಕೆ, ಮರೆವು, ಎಲ್ಲಿಗೋ ಹೋಗಿ ಗುಟ್ಟಾಗಿ ಬರೋದು..."

ಮಾಮ ಒಳ್ಳೆಯದೆಂದು ಕಚೇರಿಯಲ್ಲಿ ಕೂತು ಪಟ್ಟಿ ಬರೆಯತೊಡಗಿದರು. ನಡುವೆ ಒಮ್ಮೆ ಬೀರುವಿನ ಹಿಂದೆ ಹೋಗಿ ಗಂಟಲಿಗೆಂದು ಎರಡು ಗುಟುಕು ಸಿರಪ್ ಕುಡಿದು ಬಂದರು. 'ತೂಕಡಿಕೆ' ಎಂಬ ಪದ ಬರೆಯುವಾಗಲೇ ನಿದ್ದೆ ಹತ್ತಿತು. ಎದ್ದಾಗ ಗಂಟೆ ಮೂರಾಗಿತ್ತು, ಪಟ್ಟಿ ಎಲ್ಲಿಟ್ಟೆನೆಂದು ನೆನಪಾಗಲಿಲ್ಲ.

ಹೊರಗೆ ಬಂದವರಿಗೆ ಕಂಡದ್ದು ಗಿಣಿ. ಸಮಾಲೋಚಕಿಯ ಬಾಗಿಲ ಬಳಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಮಾಮನನ್ನು ಕಂಡದ್ದೇ ತಡ, ಓಡಿದಳು.

ಬಾಗಿಲ ತನಕ ಹೋಗಿ ಧೈರ್ಯ ಸಾಲದೆ ಬಂದಿದ್ದಾಳೆ ಎಂದುಕೊಂಡರು ಮಾಮ. ಎರಡು ವರ್ಷ ಕಷ್ಟಪಟ್ಟ ಹುಡುಗಿ, ಸೋಮವಾರಕ್ಕೆ ಬಟ್ಟೆ ಮಡಚಿಟ್ಟಿದ್ದಾಳೆ. ಐದಕ್ಕೆ ಹತ್ತು ನಿಮಿಷವಿರುವಾಗ ಅವರು ಅಂಗಿ ಕೊಡವಿ, ಯುದ್ಧಕ್ಕೆ ಹೊರಟವರಂತೆ ಸಮಾಲೋಚಕಿಯ ಕೋಣೆಗೆ ನುಗ್ಗಿದರು.

"ಏಳನೇ ನಂಬರು ನಂದು!"

ಸಮಾಲೋಚಕಿ ನಿಟ್ಟುಸಿರು ಬಿಟ್ಟರು. "ಕೂತ್ಕೊಳ್ಳಿ. ಇವತ್ತು ಹೀಗೆ ಹೇಳ್ತಿರೋರಲ್ಲಿ ನೀವು ಮೂರನೆಯವರು."

"ಏನು?"

"ಮಧ್ಯಾಹ್ನ ಅಡುಗೆಯಮ್ಮ ಬಂದಿದ್ರು. ಅವರು ಪರೀಕ್ಷೆಗೆ ಬಾಟಲಿಯನ್ನೇ ಕೊಟ್ಟಿರ್ಲಿಲ್ಲ, ಆದ್ರೂ ತಪ್ಪು ತಮ್ಮದೇ ಅಂತ ಅತ್ರು. ಮೂರು ಗಂಟೆಗೆ ಗಿಣಿ ಬಂದ್ಲು."

ಮಾಮ ಗಾಬರಿಯಾದರು. "ನೋಡಿ, ಅವಳ ಮಾತು ಬರ್ಕೋಬೇಡಿ. ನಿಜ ಹೇಳ್ಬಿಡ್ತೀನಿ. ನಂದೂ ಅಲ್ಲ. ಮಗೂನ ಉಳಿಸೋಕೆ ಸುಳ್ಳು ಹೇಳ್ದೆ."

"ಮೊದಲ ದಿನ ಎಲ್ಲರೂ ಹೀಗೇ ಅಂತಾರೆ," ಎಂದು ಸಮಾಲೋಚಕಿ ಪುಸ್ತಕ ಬಿಚ್ಚಿ ತಿರುಗಿಸಿದರು. ಏಳರ ಎದುರು ಮಾಮನ ಹೆಸರಿತ್ತು, ಕೆಳಗೆ ಅವರದೇ ಸೊಟ್ಟ ರುಜು.

ಮಾಮ ಇಂಗು ತಿಂದ ಮಂಗನಂತಾದರು.

"ಅಡುಗೆಯಮ್ಮ ಕೊಟ್ಟ ಆ ಅಮಲು ಬರೋ ಕೆಮ್ಮಿನ ಸಿರಪ್ ದಿನಕ್ಕೆ ಎಷ್ಟು ಕುಡೀತೀರಿ?"

"ಎರಡು ಚಮಚ. ಅಂದ್ರೆ... ಮೊದಲು ಚಮಚ. ಈಗ ಚಮಚ ಯಾಕೆ ತೊಳೆಯೋದು ಅಂತ..."

"ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

"ಕೆಮ್ಮು ಹೋಯ್ತಾ?"

ಮಾಮ ಬೆರಳು ಮಡಚಿ ಲೆಕ್ಕ ಹಾಕಿದರು. "ಕೆಮ್ಮು ಹೋಗಿ ಮೂರು ತಿಂಗಳಾಯ್ತು," ಎಂದರು. ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಬೆಳಗಿನಿಂದ ಹುಡುಕಿದ ಮನುಷ್ಯನ ಮೇಲೆ ಅವರಿಗೆ ಕನಿಕರವೂ ನಾಚಿಕೆಯೂ ಒಟ್ಟಿಗೆ ಬಂದವು.

ಸಮಾಲೋಚಕಿ ಎಂಟು ಗುರುವಾರಗಳನ್ನು ಗುರುತು ಮಾಡಿಕೊಂಡರು.

ಹೊರಗೆ ಗಿಣಿ ಗೋಡೆಗೊರಗಿ ನಿಂತಿದ್ದಳು. "ಸಾಲಲ್ಲಿ ನಿಮ್ಮ ಹಿಂದೆ ನಾನೇ ಇದ್ದೆ. ನಂಬರು ನೋಡಿದ್ದೆ. ನಿಮ್ಮ ಕೆಲಸ ಹೋಗತ್ತೇನೋ ಅಂತ ಭಯ ಆಯ್ತು."

"ಹಾಗಂತ ನಿನ್ನ ಮೇಲೆ ಎಳ್ಕೊಳ್ಳೋದಾ ಹುಚ್ಚಿ!"

"ನೀವು ನನ್ನ ಮೇಲೆ ಅನುಮಾನ ಪಟ್ರಿ, ಅಲ್ವಾ?"

ಮಾಮ ತಲೆ ತಗ್ಗಿಸಿದರು. "ಪಟ್ಟೆ. ತಪ್ಪಾಯ್ತು ಕಣಮ್ಮ."

"ಇರ್ಲಿ ಬಿಡಿ. ಗುರುವಾರ ಗುರುವಾರ ಬರ್ತೀನಿ, ಎಂಟು ವಾರಾನೂ."

"ಹೊಸ ಮನೆ ಬಿಟ್ಟು ನೀನ್ಯಾಕೆ ಬರ್ಬೇಕು?"

"ಮೊದಲ ಮೂರು ವಾರ ಬರೀ ಸುಳ್ಳೇ ಹೇಳ್ತೀರ. ನಾನೂ ಹೇಳಿದ್ದೆ. ಪಕ್ಕದಲ್ಲಿ ಗೊತ್ತಿರೋರು ಒಬ್ರು ಬೇಕು." ಗಿಣಿ ಕೈ ಚಾಚಿದಳು. "ಈಗ ಬೀರುವಿನ ಹಿಂದಿರೋ ಬಾಟಲಿ ಕೊಡಿ."

ಮಾಮ ತಂದುಕೊಟ್ಟರು. ಕೈ ಚಾಚಿದ ಹಾಗೇ ಇತ್ತು.

"ಇನ್ನೊಂದು?"

"ಇನ್ನೊಂದಾ? ಇನ್ನೆಲ್ಲಿದೆ? ಅದೊಂದೇ ಇದ್ದಿದ್ದು," ಎಂದರು ಮಾಮ.

ಗಿಣಿ ಕೈ ಇಳಿಸಲಿಲ್ಲ. ಸ್ವಲ್ಪ ಹೊತ್ತು ಛಾವಣಿ ನೋಡಿ, ನೆಲ ನೋಡಿ, ಮಾಮ ಜೇಬಿನಲ್ಲಿ ಮೇಜಿನ ಡ್ರಾಯರಿನ ಬೀಗದಕೈ ಹುಡುಕತೊಡಗಿದರು.