ಅಮ್ಮನ ನಿಲುವಂಗಿ ತೊಟ್ಟ ಬಾರ್ಲಿ

ಇಡೀ ಊರಿಗೆ ಕರೆಂಟು ಕೊಡುವ ಲೈನ್‌ಮನ್ ನಾನು! ಹಿಮಗಾಳಿಗೆ ಎದೆಯೊಡ್ಡಿ ಕಂಬದ ಮೇಲೆ ನಿಲ್ಲುವವನು. ಅಂಥವನು ಒಂದು ಮೂಟೆ ಬಾರ್ಲಿಯನ್ನು ಮೂರು ದಿನ ಬೆಚ್ಚಗಿಡಲಾರೆನೇ? ಇಟ್ಟೇ ಇಡುತ್ತೇನೆ ಎಂದು ಅಮ್ಮನ ಮುಂದೆ ಎದೆ ತಟ್ಟಿಕೊಂಡು ಹೇಳಿದೆ.

ಅದು ಅಂತಿಂಥ ಬಾರ್ಲಿಯಲ್ಲ. ನನ್ನ ತಮ್ಮ ಸ್ತೋಬ್ದಾನನಿಗೆ ಮೇಲ್ಕೇರಿಯ ತರ್ಗ್ಯಾಸರ ಮಗಳು ಯಾಂಗ್ಡೋಲಳನ್ನು ಕೇಳಲು ಒಯ್ಯಬೇಕಾದ ಛಂಗಿನ, ಅಂದರೆ ನಮ್ಮ ಮನೆಮದ್ಯದ ಬಾರ್ಲಿ. ನಮ್ಮ ಲಡಾಖಿನಲ್ಲಿ ಹೆಣ್ಣು ಕೇಳುವುದು ಬಾಯಿಂದಲ್ಲ, ಛಂಗಿನಿಂದ. ಹೆಣ್ಣಿನ ಅಪ್ಪ ಬಟ್ಟಲು ಖಾಲಿ ಮಾಡಿದರೆ ಒಪ್ಪಿಗೆ. ಮುಟ್ಟದೆ ಇಟ್ಟರೆ ಬಂದ ದಾರಿ ಹಿಡಿಯಬೇಕು. ತರ್ಗ್ಯಾಸರು ಆಗಲೇ ಎರಡು ಮನೆಯವರ ಛಂಗನ್ನು ಮೂಸಿ ನೋಡಿ ವಾಪಸು ಕಳಿಸಿದ್ದರು. ಸ್ತೋಬ್ದಾನ್ ಹದಿನೈದು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಅಮ್ಮ ಬಾರ್ಲಿ ಬೇಯಿಸಿ, ಆರಿಸಿ, ಹುದುಗಿನ ಬಿಲ್ಲೆ ಪುಡಿಮಾಡಿ ಬೆರೆಸಿ ಉಣ್ಣೆಯ ಚೀಲಕ್ಕೆ ತುಂಬಿದ್ದಳು. ಅಷ್ಟರಲ್ಲಿ ಕೆಳಗಿನ ಹಳ್ಳಿಯಲ್ಲಿರುವ ಅವಳ ತಂಗಿ ಮಂಜಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂತು. ಹೊರಟು ನಿಂತವಳು ಬಸ್ಸಿನ ಮೆಟ್ಟಿಲ ಮೇಲಿಂದ ಹೇಳಿದಳು:

“ಮುತುಪ್, ಮೂರೇ ಕಂಬಳಿ. ನಾಲ್ಕನೇದು ಹೊದಿಸ್ಬೇಡ. ಚಳಿ ಹತ್ತಿದ್ರೆ ಹುದುಗು ಮಲಗಿಬಿಡುತ್ತೆ, ಶಾಖ ಜಾಸ್ತಿ ಆದ್ರೆ ಹುಳಿ ಬರುತ್ತೆ.”

“ನೀನು ನೆಮ್ಮದಿಯಾಗಿ ಹೋಗಮ್ಮಾ. ಇಲ್ಲಿ ನಾನಿದೀನಲ್ಲ!”

“ಅದೇ ನನ್ನ ಚಿಂತೆ,” ಎಂದಳು. ಬಸ್ಸು ಹೊರಟಿತು.

ಮಾರನೇ ಬೆಳಿಗ್ಗೆ ಅಡುಗೆಮನೆಯ ಬಕೆಟ್ಟಿನ ನೀರು ಕಲ್ಲಾಗಿತ್ತು. ನಾಲ್ಕನೇ ಕಂಬಳಿ ಹೊದಿಸಿದೆ. ಸಂಜೆಗೆ ಐದು. ಮರುದಿನಕ್ಕೆ ಏಳು! ಒಲೆಯ ಪಕ್ಕದ ಅಮ್ಮನ ಜಾಗವೇ ಮನೆಯಲ್ಲೆಲ್ಲ ಬೆಚ್ಚಗಿನ ಜಾಗ, ಮೂಟೆಯನ್ನು ಅಲ್ಲಿಗೇ ಎತ್ತಿಟ್ಟೆ. ಮೇಲೆ ಅಮ್ಮನ ಹಳೇ ಉಣ್ಣೆಯ ನಿಲುವಂಗಿ ತೊಡಿಸಿ ಸೊಂಟಪಟ್ಟಿ ಬಿಗಿದೆ. ಶಾಖ ಹೋಗುವುದೇ ತಲೆಯಿಂದ ಎಂದು ಕೇಳಿದ್ದೆನಾದ್ದರಿಂದ ಅವಳ ಟೋಪಿಯನ್ನೂ ಇಟ್ಟು, ಶಾಲನ್ನು ಮುಖದವರೆಗೆ ಎಳೆದೆ. ಮುಖ ಇರಬೇಕಾದ ಕಡೆಗೆ ಎಂದರ್ಥ.

ನನ್ನ ಹೆಂಡತಿ ಕುನ್ಜೆಸ್ ಒಳಗೆ ಬಂದವಳು ಬೆಚ್ಚಿ ನಿಂತಳು.

“ಏನ್ರೀ ಇದು? ಅತ್ತೆ ಕೂತಂಗೇ ಇದೆಯಲ್ಲ!”

“ಒಳ್ಳೇದೇ ಆಯ್ತು. ಮನೇಲಿ ಹಿರಿಯರು ಇದ್ದಂಗಾಯ್ತು.”

“ಇರೋ ಕಂಬಳಿ ಎಲ್ಲಾ ಅದಕ್ಕೇ ಸುತ್ತಿದೀರಿ. ನಾವೇನು ಹೊದ್ಕೊಳ್ಳೋದು?”

“ಕರ್ತವ್ಯವನ್ನ!”

ಆ ರಾತ್ರಿ ನಾವು ಮೂವರೂ ಕರ್ತವ್ಯವನ್ನೇ ಹೊದ್ದು ಬೆಳಗಿನ ತನಕ ನಡುಗಿದೆವು.

ಮೂರನೇ ದಿನ ಮಧ್ಯಾಹ್ನ ನಾನು ಲಾಮಾಗಳ ಮಠ ಗೊಂಪಾದ ಬಳಿಯ ಕಂಬದ ಮೇಲಿದ್ದೆ. ಕೆಳಗೆ ನೋಡಿದರೆ ಊರಿಗೆ ಊರೇ ನಮ್ಮ ಮನೆಯ ಕಡೆ ನಡೆದಿದೆ! ಒಬ್ಬರ ಕೈಯಲ್ಲಿ ಬೆಣ್ಣೆ, ಒಬ್ಬರ ಕೈಯಲ್ಲಿ ಬಿಳಿ ವಸ್ತ್ರ. “ಏನಾಯ್ತು?” ಎಂದು ಕೂಗಿದೆ. ಒಬ್ಬರು ತಲೆಯೆತ್ತಿ ನನ್ನನ್ನು ನೋಡಿ ಕಣ್ಣೊರೆಸಿಕೊಂಡು ಮುಂದೆ ಹೋದರು.

ಆದದ್ದು ಇಷ್ಟು. ಅಮ್ಮ ತಂಗಿಯ ಮನೆಗೆ ಹೋದದ್ದು ಗೊತ್ತಿಲ್ಲದ ಪಕ್ಕದ ಮನೆಯ ಸ್ಪಾಲ್ಜೆಸ್ ಉಪ್ಪು ಕೇಳಲು ಬಂದವಳು ಅಮ್ಮನ ಜೊತೆ ಅರ್ಧ ಗಂಟೆ ತನ್ನ ಸೊಸೆಯ ವಿಷಯ ಮಾತಾಡಿದ್ದಾಳೆ. ಯಾರ ಮಾತನ್ನೂ ಪೂರ್ತಿಯಾಗಲು ಬಿಡದ ಅಮ್ಮ ಒಂದಕ್ಷರ ಎದುರಾಡಿಲ್ಲ. ಇದು ಬದುಕಿರುವವರ ಲಕ್ಷಣವಲ್ಲ ಎಂದು ಸ್ಪಾಲ್ಜೆಸ್‌ಗೆ ಅನುಮಾನ ಬಂದು ಭುಜ ಮುಟ್ಟಿದ್ದಾಳೆ. ಅಮ್ಮ ಮೆಲ್ಲಗೆ ಪಕ್ಕಕ್ಕೆ ವಾಲಿದ್ದಾಳೆ!

ನಾನು ಓಡಿ ಬಂದು ನೋಡಿದರೆ ನಲವತ್ತು ಜನ, ಮೂವತ್ತು ಬೆಣ್ಣೆದೀಪ. ಮೂಟೆಯ ಮುಂದೆ ಸಾಷ್ಟಾಂಗ ಬೀಳುತ್ತಿದ್ದವರು ಬೇರೆ ಯಾರೂ ಅಲ್ಲ, ಸಾಕ್ಷಾತ್ ತರ್ಗ್ಯಾಸರು! ಮೂರನೇ ಸಲ ಬಿದ್ದು ಎದ್ದು, ಅಂಗೈಯನ್ನು ಮೆಲ್ಲಗೆ ನಿಲುವಂಗಿಯ ಎದೆಯ ಮೇಲಿಟ್ಟರು. ಅವರ ಕಣ್ಣು ದೊಡ್ಡದಾಯಿತು.

“ಬೆಚ್ಚಗಿದೆ,” ಎಂದರು. “ಯಾರೂ ಮುಟ್ಬೇಡಿ! ಉಸಿರು ನಿಂತ ಮೇಲೂ ಮೈ ಬೆಚ್ಚಗಿರೋದು ದೊಡ್ಡ ಲಾಮಾಗಳಿಗೆ ಮಾತ್ರ. ಅಮಾ ಧ್ಯಾನದಲ್ಲಿ ಕೂತಿದಾರೆ. ಸುವಾಸನೆ ಬರ್ತಿಲ್ವಾ? ಇಷ್ಟು ದಿನ ನಮ್ಮ ನಡುವೆ ಎಂಥವರು ಇದ್ರು, ನಮಗೇ ಗೊತ್ತಾಗ್ಲಿಲ್ಲ!”

ನಲವತ್ತು ಜನ ಮೂಗಿನ ತುಂಬ ಉಸಿರೆಳೆದು ಕೈ ಮುಗಿದರು.

ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದಿದ್ದ ಕುನ್ಜೆಸ್ ನನ್ನನ್ನು ತಿವಿದಳು. “ಹೇಳ್ರೀ!”

“ನೀನೇ ಹೇಳು!”

“ಸುತ್ತಿದ್ದು ನೀವು!”

ಹೇಗೆ ಹೇಳಲಿ? ಬಾರ್ಲಿಗೆ ಅಡ್ಡಬಿದ್ದೆ ಎಂದು ಗೊತ್ತಾದರೆ ಈ ಮನುಷ್ಯ ಈ ಜನ್ಮದಲ್ಲಿ ಮಗಳನ್ನು ಕೊಡುವುದುಂಟೇ? ಮೂಲೆಯಲ್ಲಿ ಸ್ತೋಬ್ದಾನ್ ಗೋಡೆಯ ಬಣ್ಣಕ್ಕೆ ತಿರುಗಿದ್ದ. ನಾನು ಮುಖ ಮುಚ್ಚಿಕೊಂಡು ಕೂತೆ. ಸುತ್ತಲಿನವರು ಒಬ್ಬೊಬ್ಬರಾಗಿ ಅಮ್ಮ ಮಾಡಿದ ಉಪಕಾರ ನೆನೆಯುತ್ತಿದ್ದರು. ಹೆರಿಗೆಗೆ ಬಂದಳು, ಬಿತ್ತನೆ ಬೀಜ ಕೊಟ್ಟಳು, ಜ್ವರ ಬಂದಾಗ ಗಂಜಿ ತಂದಳು. ನನಗೆ ಗೊತ್ತೇ ಇಲ್ಲದ ಸಂಗತಿಗಳು! ಸತ್ಯ ಹೇಳುತ್ತೇನೆ, ಮೂಟೆಯೆಂದು ಗೊತ್ತಿದ್ದೂ ನನಗೆ ನಿಜವಾಗಿ ಅಳು ಬಂತು.

ಅಷ್ಟರಲ್ಲಿ ಮಧ್ಯಾಹ್ನದ ಬಸ್ಸಿನಲ್ಲಿ ಬಂದಿಳಿದ ಅಮ್ಮ ಬಾಗಿಲಲ್ಲಿ ಕಾಣಿಸಿದಳು. ದೀಪ ನೋಡಿದಳು, ಅಳು ಕೇಳಿದಳು. ಸದ್ದಿಲ್ಲದೆ ಕೊನೆಯ ಸಾಲಿನಲ್ಲಿ ಸ್ಪಾಲ್ಜೆಸ್ ಪಕ್ಕ ಕೂತು ತಾನೂ ಅಳತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಪಿಸುಗುಟ್ಟಿದಳು:

“ಯಾರು ಹೋದ್ರೇ?”

“ನೀವೇ ಅಮಾ,” ಎಂದು ಬಿಕ್ಕಿದ ಸ್ಪಾಲ್ಜೆಸ್ ತಿರುಗಿ ನೋಡಿ ಕಿಟಾರನೆ ಕಿರುಚಿದಳು.

ಅಮ್ಮ ಎದ್ದು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಟೋಪಿ ತೆಗೆದಳು, ಶಾಲು ತೆಗೆದಳು, ನಿಲುವಂಗಿ ಬಿಚ್ಚಿದಳು. ಕಂಬಳಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಎಣಿಸಿದಳು. ಏಳು ಎಂದಾಗ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ತರ್ಗ್ಯಾಸರ ಮುಖ ಕೆಂಡದಂತಾಗಿತ್ತು. ಅಮ್ಮ ಚೀಲದಿಂದ ನಾಲ್ಕು ಹಿಡಿ ಬಾರ್ಲಿ ತೆಗೆದು, ಬೆಚ್ಚನೆ ನೀರು ಹೊಯ್ದು, ಹಿಂಡಿ ಒಂದು ಬಟ್ಟಲು ತುಂಬಿಸಿ ಅವರ ಮುಂದೆ ಹಿಡಿದಳು.

“ನಿಮ್ಮ ಮನೆ ಬಾಗಿಲಿಗೆ ತರಬೇಕಾಗಿದ್ದ ಛಂಗು ಇದು. ನೀವೇ ಬಂದಿದೀರಿ.”

ತರ್ಗ್ಯಾಸರು ಬಟ್ಟಲನ್ನು ನೋಡಿದರು, ತುಟಿ ಕಚ್ಚಿ ನಗು ತಡೆದಿದ್ದ ಊರಿನವರನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

“ಮೂರು ಸಲ ಬಿದ್ದಿದೀನಿ,” ಎಂದರು. “ಮೂಟೆಗೆ ಬಿದ್ದೆ ಅಂತ ಊರೆಲ್ಲ ಆಡ್ಕೊಳ್ಳೋದಕ್ಕಿಂತ, ಬೀಗಿತ್ತಿಗೆ ಬಿದ್ದೆ ಅಂದ್ರೆ ಮರ್ಯಾದೆ.”

ಒಂದೇ ಗುಟುಕಿಗೆ ಕುಡಿದು ಬಟ್ಟಲು ಬೋರಲು ಹಾಕಿದರು! ಸ್ತೋಬ್ದಾನ್ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ತರ್ಗ್ಯಾಸರ ಕಣ್ಣಲ್ಲೂ ನೀರು ಬಂತು. ಅದು ಸಂತೋಷದ್ದಲ್ಲ, ಹುಳಿಯದು ಎಂದು ಅವರ ಸೊಟ್ಟ ಮುಖವೇ ಹೇಳುತ್ತಿತ್ತು.

ಗೆದ್ದ ಗರ್ವದಲ್ಲಿ ನಾನು ಎದ್ದು ನಿಂತೆ. “ಅಂತೂ ಕೆಲಸ ಆಯ್ತಲ್ಲಮ್ಮಾ! ಹೇಗೆ ನನ್ನ ಕಾವಲು?”

ಅಮ್ಮ ತಾನೂ ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು. ಮತ್ತೆ ಕಣ್ಣು ಬಿಟ್ಟು ಕುನ್ಜೆಸ್ ಕಡೆ ತಿರುಗಿದಳು.

“ನೋಡು ಮಗಳೇ, ನಾನು ನಿಜವಾಗಿ ಹೋದಾಗ ನನ್ನನ್ನ ಸುತ್ತೋ ಕೆಲಸ ಮಾತ್ರ ಇವನ ಕೈಗೆ ಕೊಡ್ಬೇಡ. ಊರೆಲ್ಲ ಇಷ್ಟು ಒಳ್ಳೆ ಮಾತಾಡಿದೆ, ಕೊನೇಲಿ ನಾನೂ ಹುಳಿಯಾಗಿಬಿಟ್ಟೇನು.”