ಲಕ್ಷ್ಮಿಗೊಂದು ಮುಖ

ಮೂಗನ್ನು ಇನ್ನೊಂಚೂರು ತಿದ್ದಬೇಕಿತ್ತೇ? ಅಚ್ಚಿನ ಮಷಿನ್ನಿನ ಪಕ್ಕ ನಿಂತ ಚಿತ್ರಗಾರನಿಗೆ ಅದೊಂದೇ ಅನುಮಾನ. ಕಳೆದ ಸಲ ಅವನು ಬರೆದ ಸರಸ್ವತಿ ಸಿನಿಮಾ ನಟಿಯ ಹಾಗಿದ್ದಾಳೆಂದು ಅಂಗಡಿಯವರು ಕ್ಯಾಲೆಂಡರುಗಳನ್ನು ಕಟ್ಟುಕಟ್ಟಾಗಿ ವಾಪಸು ಕಳಿಸಿದ್ದರು. "ಇನ್ನೊಂದ್ಸಲ ದೇವರಿಗೆ ಯಾರದ್ದಾದ್ರೂ ಮುಖ ಬಂತೋ, ನೀನೂ ನಿನ್ನ ಬ್ರಷ್ಷೂ ಮನೇಲಿ" ಎಂದಿದ್ದರು ಪ್ರೆಸ್ಸಿನ ಯಜಮಾನರು.

ಈ ಸಲದ ಕ್ಯಾಲೆಂಡರಿನ ಹಾಳೆಗೆ ಮೊದಲು ಹಳದಿ ಬಣ್ಣ ಬಿತ್ತು. ಲಕ್ಷ್ಮಿ ಕಾಮಾಲೆ ಹಿಡಿದವಳಂತೆ ಮಂಕಾಗಿದ್ದಳು. ಗುರುತು ಹತ್ತುವ ಹಾಗಿರಲಿಲ್ಲ. ಕೆಂಪು ಬಿದ್ದಾಗ ಮಷಿನ್ನಿನವನು ಕತ್ತು ಓರೆ ಮಾಡಿದ.

"ಗುರೂ, ಈಯಮ್ಮನ್ನ ಎಲ್ಲೋ ನೋಡಿದೀನಲ್ಲ!"

"ಎಲ್ರ ಮನೆ ಗೋಡೆ ಮೇಲೂ ಇರ್ತಾಳೆ. ನೋಡ್ದೆ ಇರ್ತೀಯಾ?"

"ಗೋಡೆ ಮೇಲಲ್ಲಪ್ಪಾ, ಸೈಕಲ್ ಮೇಲೆ."

ನೀಲಿ ಬಿದ್ದದ್ದೇ ತಡ, ಕಾಗದ ಕತ್ತರಿಸುವ ಅಕ್ಕ ಓಡಿಬಂದಳು. "ಅಯ್ಯೋ, ಇವಳು ನಿನ್ನ ಪಕ್ಕದ್ಮನೆ ಟೀಚರ್ ಅಲ್ವೇನೋ? ಹೆಂಡ್ತಿಗೆ ಗೊತ್ತಾ?"

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಮೆತ್ತಗೆ ಮಾತಾಡು."

"ನನ್ನ ಕಾಲಿಗ್ಯಾಕೆ? ಅವಳ ಕಾಲಡಿ ಕಮಲಾನೇ ಇಟ್ಟಿದೀಯಲ್ಲ!"

ಕಪ್ಪು ಬೀಳುವ ಹೊತ್ತಿಗೆ ಯಜಮಾನರೇ ಬಂದು ಹಾಳೆ ಎತ್ತಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಚಿತ್ರಗಾರ ಮನಸ್ಸಿನಲ್ಲೇ ಬ್ರಷ್ಷುಗಳನ್ನು ಗಂಟು ಕಟ್ಟಿದ.

"ನಮ್ಮಮ್ಮ!" ಯಜಮಾನರು ಹಾಳೆಯನ್ನು ಇನ್ನೂ ಹತ್ತಿರ ಹಿಡಿದರು. "ತೀರಿಕೊಂಡ ನಮ್ಮಮ್ಮ ಕಣೋ ಇದು! ನೀನು ಅವರನ್ನ ನೋಡೇ ಇಲ್ವಲ್ಲೋ?" ಹಾಳೆಯನ್ನು ಕಣ್ಣಿಗೊತ್ತಿಕೊಂಡರು. ಹಸಿ ಮಸಿ ಹಣೆಗೆ ಅಂಟಿತು. "ಇನ್ಮೇಲೆ ನಮ್ಮ ದೇವಿಯರಿಗೆಲ್ಲ ಇದೇ ಮುಖ. ಒಂದು ಗೆರೆ ಬದಲಾಯ್ಸಿದ್ಯೋ, ಕೆಲಸದಿಂದ ಆಚೆ!"

ಗೆದ್ದ ಖುಷಿಯಲ್ಲಿ ಚಿತ್ರಗಾರ ಒಂದು ಪ್ರತಿಯನ್ನು ಸುರುಳಿ ಸುತ್ತಿ ಮನೆಗೆ ತಂದ. ಹೆಂಡತಿ ಅದನ್ನು ದೀಪದ ಹತ್ತಿರ ಹಿಡಿದಳು.

"ಯಾರಿವಳು?"

"ಯಜಮಾನರ ತಾಯಿ."

"ಆಯಮ್ಮನ ಸೆರಗಲ್ಲಿ ಅವಿತ್ಕೋಬೇಡಿ. ಈ ಮುಖ ನಾನು ದಿನಾ ನೋಡ್ತೀನಿ. ಇದೇ ಬೀದಿಯವಳು. ಯಾರು ಅಂತ ನೀವೇ ಬಾಯಿ ಬಿಡೋವರೆಗೂ ನನ್ನ ಮಾತಾಡಿಸ್ಬೇಡಿ!" ಅಡುಗೆಮನೆಯ ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಹೇಳೋಣವೆಂದು ಬಾಗಿಲವರೆಗೆ ಹೋದ. ಅವಳಿಗೆ ಗೊತ್ತಾದರೆ ಬೀದಿಗೆ ಗೊತ್ತಾದ ಹಾಗೆ. ಬೀದಿಗೆ ಗೊತ್ತಾದದ್ದು ಯಜಮಾನರಿಗೆ ಮುಟ್ಟದೆ ಇರುವುದಿಲ್ಲ. ಸುಮ್ಮನೆ ಹಿಂದಿರುಗಿದ.

ಕನ್ನಡಿಯ ಮುಂದೆ ಕೂತು, ಮೀಸೆಯೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಇದ್ದ ಹಾಗೇ ಲಕ್ಷ್ಮಿಗೆ ಬರೆದೆ ಎಂದು ಅವನು ಯಾರಿಗೂ ಹೇಳಲಿಲ್ಲ.