ಋಷಿ ಸಾನ್ ಪಿಸ್ತೂಲು

ಹೃಷಿಕೇಶನ ಪಿಸ್ತೂಲಿಗೆ ಯಾವ ಕೊರತೆಯೂ ಇರಲಿಲ್ಲ. ಇದೆ ಎಂದು ಮೊದಲು ಕಂಡುಹಿಡಿದವನು ವಿನಾಯಕ್.

ಅದು ಸಬ್ಬಕ್ಕಿ ಗಾತ್ರದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಪಿಸ್ತೂಲು. ಆಟದ್ದಾದರೂ ಸೆಮಿ ಆಟೊಮ್ಯಾಟಿಕ್. ಟ್ರಿಗರ್ ಒತ್ತಿದಾಗಲೆಲ್ಲ ಒಂದು ಗುಂಡು ಹೋಗಿ, ಮೇಲಿನ ಭಾಗ ತಾನಾಗಿ ಹಿಂದಕ್ಕೆ ಸರಿದು ಮುಂದಿನ ಗುಂಡಿಗೆ ತಯಾರಾಗುತ್ತಿತ್ತು. ದೀಪಾವಳಿಯಲ್ಲಿ ಕೇಪು ಹೊಡೆದದ್ದು ಬಿಟ್ಟರೆ ಆಯುಧದ ಸಹವಾಸವೇ ಇಲ್ಲದ ಮೈಸೂರಿನ ಈ ಸಾಫ್ಟ್‌ವೇರ್ ಪ್ರಾಣಿ ಅದನ್ನು ಕೊಂಡದ್ದಕ್ಕೆ ಕಾರಣ ಟೋಕಿಯೋ ಆಫೀಸಿನ ಮ್ಯಾನೇಜರ್ ಕುರೋದಾ ಸಾನ್. ಆತನಿಗೆ ಪ್ರಪಂಚದಲ್ಲಿ ಎರಡೇ ಸಂಗತಿ ಮುಖ್ಯ. ಒಂದು ಡೆಡ್‌ಲೈನು, ಇನ್ನೊಂದು ಆಫೀಸಿನವರೆಲ್ಲ ಎರಡು ಪಂಗಡವಾಗಿ ಆಡುವ ಭಾನುವಾರದ ಗುಂಡಿನಾಟ. ಹೃಷಿಕೇಶ ಎಂಬ ಹೆಸರು ಆತನ ನಾಲಿಗೆಗೆ ಒಗ್ಗದೆ ‘ಋಷಿ ಸಾನ್’, ಅಂದರೆ ಋಷಿಯವರು, ಎಂದಾಗಿ, ಋಷಿಯೊಬ್ಬ ಪಿಸ್ತೂಲು ಹಿಡಿಯಬೇಕಾಗಿ ಬಂದಿತ್ತು.

ಈ ಸಲದ ಭಾನುವಾರ ಬರೀ ಆಟದ್ದಾಗಿರಲಿಲ್ಲ. ಮರುದಿನ ಕುರೋದಾ ಸಾನ್ ಯಾರಾದರೂ ಒಬ್ಬರ ಹೆಸರು ಹೇಳಬೇಕಿತ್ತು. ಆ ಒಬ್ಬರು ಕಂಪನಿಯ ಕೆಲಸದ ಮೇಲೆ ಎರಡು ವರ್ಷ ನೋಮಿ ಎಂಬ ದೂರದ ಊರಿಗೆ ಹೋಗಬೇಕಿತ್ತು. ಹೋಗಿ ಬಂದವರ ಪ್ರಕಾರ ನೋಮಿಯಲ್ಲಿ ಒಂದು ವಿಶ್ವವಿದ್ಯಾಲಯ ಇದೆ, ಮಿಕ್ಕಿದ್ದೆಲ್ಲ ಹಿಮ. ಹೃಷಿಕೇಶನ ಹೆಂಡತಿ ಅಪರ್ಣಾಗೆ ಅವರ ಮನೆಯಿದ್ದ ಗ್ಯೋಟೋಕುವಿನ ಶಿಶುವಿಹಾರದಲ್ಲಿ ಈಗಷ್ಟೇ ಕೆಲಸ ಸಿಕ್ಕಿತ್ತು, ಅವಳು ಬಿಟ್ಟು ಬರುವಂತಿರಲಿಲ್ಲ. ಅವಳಿಲ್ಲದ ಮನೆಯನ್ನು ನೆನೆದರೇ ಅವನಿಗೆ ಸಂಕಟವಾಗುತ್ತಿತ್ತು. ಅದರ ಮೇಲೆ, ಅಡುಗೆಯಲ್ಲಿ ಅವನಿಗೆ ಬರುತ್ತಿದ್ದದ್ದು ನೀರು ಕಾಯಿಸುವುದೊಂದೇ.

“ಸಿಂಪಲ್ ಗುರು, ಕುರೋದಾ ಸಾನ್‌ಗೇ ಹೊಡಿ,” ಎಂದಿದ್ದ ಪಕ್ಕದ ಸೀಟಿನ ವಿನಾಯಕ್. “ಹೋದ ವರ್ಷ ಸಂದೀಪ ಹೊಡ್ದ. ಆಮೇಲೆ ಅವನನ್ನ ಎಲ್ಲಿಗಾದ್ರೂ ಕಳ್ಸಿದ್ರಾ? ಸೇಡು ತೀರಿಸ್ಕೊಳ್ಳೋವರ್ಗೂ ಆ ಮನುಷ್ಯ ಹೊಡೆದೋನ್ನ ಟೋಕಿಯೋ ಬಿಡಕ್ಕೆ ಬಿಡಲ್ಲ. ಆದ್ರೆ ಈ ಪಿಸ್ತೂಲಲ್ಲಿ ಆಗಲ್ಲ. ಅಪ್‌ಗ್ರೇಡ್ ಮಾಡಿಸ್ಬೇಕು.”

ಹಾಗಾಗಿ ಭಾನುವಾರ ಬೆಳಗ್ಗೆ ಹೃಷಿಕೇಶ ಪಿಸ್ತೂಲಿನ ಡಬ್ಬಿಯನ್ನು ಊರಿನ ಸೀರೆ ಅಂಗಡಿಯ ಹಳದಿ ಚೀಲದಲ್ಲಿಟ್ಟುಕೊಂಡು ಹೊರಟ. ಬಾಗಿಲಲ್ಲಿ ಅಪರ್ಣಾ ತಡೆದಳು.

“ಬರ್ತಾ ಇಲ್ಲಿ ಇಳಿಯದೆ ಮುಂದೆ ನಿಶಿಕಸಾಯಿಯಲ್ಲಿ ಇಳಿದು ನಮ್ಮ ಇಂಡಿಯನ್ ಅಂಗಡಿಗೆ ಹೋಗಿ ಬನ್ನಿ. ಹೋದ ವಾರಾನೂ ಮರೆತ್ರಿ. ಏನು ತರಬೇಕು, ಹೇಳಿ ನೋಡೋಣ?”

“ರಾಗಿ ಹಿಟ್ಟು,” ಎಂದ ಹೃಷಿಕೇಶ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ಅಕಿಹಾಬಾರಾದ ಆಟದ ಪಿಸ್ತೂಲಿನ ಅಂಗಡಿಗೆ ವಿನಾಯಕ್ ಜೊತೆ ರಾಮಪ್ರಸಾದರೂ ಬಂದರು. ಇವರು ಹೃಷಿಕೇಶನ ಮೇಲಿನ ಮನೆಯವರು, ಮಂಡ್ಯದವರು, ವಯಸ್ಸಿನಲ್ಲಿ ಹಿರಿಯರು. ಗ್ಯೋಟೋಕುವಿನ ಕನ್ನಡಿಗರು ವಾಷಿಂಗ್ ಮಷೀನು ಕೊಳ್ಳಲಿ, ರೈಸ್ ಕುಕ್ಕರ್ ಕೊಳ್ಳಲಿ, ಇವರ ಒಪ್ಪಿಗೆಯಾಗಬೇಕು. ಪಿಸ್ತೂಲನ್ನು ಇವರು ಕಂಡದ್ದು ಅದೇ ಮೊದಲು, ಆದರೆ ಅದು ಅವರಿಗೆ ಅಡ್ಡಿಯಾಗಲಿಲ್ಲ.

ಅಂಗಡಿಯವನು ಪಿಸ್ತೂಲನ್ನು ತಿರುಗಿಸಿ ನೋಡಿ, ತಲೆಬಾಗಿಸಿ, ಬಿಡಿಬಿಡಿಯಾಗಿ ಜಪಾನೀಸಿನಲ್ಲಿ ಅರ್ಥವಾಗುವಂತೆ ಹೇಳಿದ. “ಇದಕ್ಕೇನೂ ಬೇಕಾಗಿಲ್ಲ. ದಿನಾ ಸ್ವಲ್ಪ ಅಭ್ಯಾಸ ಮಾಡಿದರೆ ಸಾಕು.”

“ವ್ಯಾಪಾರದ ಬುದ್ಧಿ ನೋಡಿ,” ಎಂದರು ರಾಮಪ್ರಸಾದರು. “ಬೇಡ ಅಂದ್ರೆ ನಾವು ಜಾಸ್ತಿ ತಗೋತೀವಿ ಅಂತ. ನೋಡಪ್ಪಾ ಹೃಷಿ, ಮೊದ್ಲು ಗ್ರಿಪ್ಪು. ಹಿಡಿ ಸರಿ ಇಲ್ದಿದ್ರೆ ಬಾಣಲೇನೂ ಕೈಗೆ ಬರಲ್ಲ.”

“ಗ್ರಿಪ್ ಆಮೇಲೆ ಸರ್,” ಎಂದ ವಿನಾಯಕ್. “ಗುರಿ ಕಾಣ್ಬೇಕಲ್ವಾ? ರೆಡ್ ಡಾಟ್ ಹಾಕ್ಸು ಗುರು. ಚುಕ್ಕಿ ಯಾರ ಮೇಲೋ ಗುಂಡು ಅವ್ರ ಮೇಲೆ.”

ಹೃಷಿಕೇಶ ರೆಡ್ ಡಾಟಿನ ಪುಟ್ಟ ಗಾಜನ್ನು ಕಣ್ಣಿಗೆ ಹಿಡಿದು ನೋಡಿದ. ಕೆಂಪು ಚುಕ್ಕಿ ಅಂಗಡಿಯವನ ಹಣೆಯ ನಟ್ಟನಡುವೆ ಕೂತು, ಆತ ಅರಿಶಿನ ಕುಂಕುಮಕ್ಕೆ ಹೊರಟವನಂತೆ ಕಂಡ. ಹೃಷಿಕೇಶನಿಗೆ ಯಾಕೋ ಮುಜುಗರವಾಗಿ “ಸುಮಿಮಾಸೆನ್” ಎಂದ. ಕ್ಷಮೆ ಕೇಳಿದ ಮೇಲೆ ಕೊಳ್ಳದೆ ಇರಲಾಗಲಿಲ್ಲ.

ಗ್ರಿಪ್ಪು ರಾಮಪ್ರಸಾದರ ಮಾತಿಗೆ, ಕೆಂಪು ಚುಕ್ಕಿ ವಿನಾಯಕನ ಮಾತಿಗೆ. ಕತ್ತಲೆಗೆಂದು ಕೆಳಗೊಂದು ಟಾರ್ಚು. ಮುಟ್ಟಿದರೆ ಮುನಿಯುವಷ್ಟು ನಯವಾದ ಟ್ರಿಗರು. ಹೆಚ್ಚು ಗುಂಡು ಹಿಡಿಯಲೆಂದು ಹಿಡಿಯಿಂದ ಗೇಣುದ್ದ ಹೊರಚಾಚಿದ ಮ್ಯಾಗಜೀನು. ಎಲ್ಲ ಜೋಡಿಸಿದ ಮೇಲೆ ನೋಡಿದರೆ ಅದು ಸೊಂಟದ ಚೀಲಕ್ಕೂ ಹಿಡಿಸಲಿಲ್ಲ, ಹಳೆಯ ಡಬ್ಬಿಗೂ ಹಿಡಿಸಲಿಲ್ಲ. ಅದಕ್ಕೆಂದೇ ಇನ್ನೊಂದು ಡಬ್ಬಿ ಕೊಂಡದ್ದಾಯಿತು.

ಕೊನೆಗೆ ಅಂಗಡಿಯವನು ಹಳೆಯ ಸ್ಟಾಕಿನ ಹೆಡ್‌ಸೆಟ್ ಒಂದನ್ನು ಎರಡೂ ಕೈಯಲ್ಲಿ ಹಿಡಿದು “ಸಾಬಿಸು” ಎಂದ. ಜಪಾನಿನಲ್ಲಿ ಸರ್ವಿಸ್ ಎಂದರೆ ರಿಪೇರಿಯಲ್ಲ, ಪುಕ್ಕಟೆ. ರಾಮಪ್ರಸಾದರು ಚೆನ್ನಾಗಿ ಕಲಿತಿದ್ದ ಜಪಾನೀಸ್ ಪದ ಅದೊಂದೇ.

“ತಗೋ ತಗೋ, ಬೇಡ ಅನ್ಬಾರ್ದು,” ಎಂದು ಅವರೇ ಹೃಷಿಕೇಶನ ಕಿವಿಗೆ ಏರಿಸಿದರು. ವಿನಾಯಕ್ ಅದನ್ನು ಅವನ ಫೋನಿಗೆ ಜೋಡಿಸಿದ. “ಕಾಲ್ ಬಂದ್ರೆ ತಾನೇ ಎತ್ಕೊಳ್ಳುತ್ತೆ ಗುರು. ಎರಡು ಕೈನೂ ಫ್ರೀ.”

ಆಟದ ಜಾಗ ಫುನಾಬಾಶಿಯ ಒಂದು ಹಳೆಯ ಗೋಡೌನು. ಒಳಗೆ ಹಲಗೆಯ ಗೋಡೆ, ಖಾಲಿ ಡ್ರಮ್ಮು, ಬಲೆ, ಅರೆಗತ್ತಲು. ನಿಯಮ ಒಂದೇ, ಅದು ಮರ್ಯಾದೆಯದು. ಗುಂಡು ತಾಗಿದ್ದು ತಾಗಿದವನಿಗೇ ತಾನೆ ಗೊತ್ತಾಗುವುದು? ತಾಗಿಸಿಕೊಂಡವನು ತಾನೇ ‘ಹಿಟ್’ ಎಂದು ಕೂಗಿ, ಕೈಯೆತ್ತಿ ಹೊರಗೆ ನಡೆಯಬೇಕು. ಜಪಾನೀಯರ ನಾಲಿಗೆ ಅರ್ಧಾಕ್ಷರದ ಮೇಲೆ ನಿಲ್ಲುವುದಿಲ್ಲ. ಅವರ ಬಾಯಲ್ಲಿ ಅದು ‘ಹಿಟ್ಟೊ’. ಆಟ ಶುರುವಾದದ್ದೇ ಗೋಡೌನಿನ ಮೂಲೆಮೂಲೆಯಿಂದ “ಹಿಟ್ಟೊ! ಹಿಟ್ಟೊ!” ಎಂಬ ಕೂಗು ಎದ್ದಿತು. ನೋಡುವವರ ಬೆಂಚಿನಲ್ಲಿ ಕೂತ ರಾಮಪ್ರಸಾದರಿಗೆ ಸುಮ್ಮನೆ ಹಸಿವಾಗತೊಡಗಿತು.

ಕುರೋದಾ ಸಾನ್ ಎದುರು ಪಂಗಡ. ಹೃಷಿಕೇಶ ಟಾರ್ಚು ಹಾಕಿದ. ಅದರಿಂದ ಅವನಿಗೆ ಯಾರೂ ಕಾಣಲಿಲ್ಲ, ಅವನು ಎಲ್ಲರಿಗೂ ಕಂಡ. ಗುಂಡಿನ ಮಳೆ ಬರುವಷ್ಟರಲ್ಲಿ ಡ್ರಮ್ಮಿನ ಹಿಂದೆ ಬಿದ್ದ. ಬಿದ್ದ ರಭಸಕ್ಕೆ ಎದ್ದ ಧೂಳಿಗೆ ಸೀನು ಬಂತು, ಸೀನಿಗೆ ನಯವಾದ ಟ್ರಿಗರು ತಾನಾಗಿ ಒತ್ತಿತು, ಆ ಗುಂಡು ಅವನ ಸಹಾಯಕ್ಕೆಂದು ತೆವಳಿಕೊಂಡು ಬರುತ್ತಿದ್ದ ವಿನಾಯಕನ ಬೆನ್ನಿಗೆ ತಾಗಿತು. ತನ್ನವರದ್ದಾದರೂ ಗುಂಡು ಗುಂಡೇ.

“ಹಿಟ್,” ಎಂದ ವಿನಾಯಕ್. “ಥೂ, ನಿನ್ನ!”

ಹೃಷಿಕೇಶ ಓಡಲು ನೋಡಿದ. ಉದ್ದನೆಯ ಮ್ಯಾಗಜೀನು ಬಲೆಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳುತ್ತ ಅಲ್ಲೇ ಕೂತ. ಬಿಡಿಸಿಕೊಳ್ಳುವಷ್ಟರಲ್ಲಿ ಉಳಿದವರೆಲ್ಲ ಒಬ್ಬರನ್ನೊಬ್ಬರು ಮುಗಿಸಿ ಹೊರಗೆ ಹೋಗಿದ್ದರು. ಶೂರರೆಲ್ಲ ಅಳಿದು ಬಲೆಗೆ ಬಿದ್ದವನೊಬ್ಬ ಉಳಿದಿದ್ದ.

ಆಗ ಎದುರಿನ ಹಲಗೆಯ ಮರೆಯಿಂದ ಕುರೋದಾ ಸಾನ್ ಹಿಂದಡಿ ಇಡುತ್ತ ಬಂದ. ನಾಲ್ಕು ಮಾರು ದೂರದಲ್ಲಿ, ಬೆನ್ನು ಪೂರ್ತಿ ಈ ಕಡೆಗೆ. ಹೃಷಿಕೇಶ ಪಿಸ್ತೂಲೆತ್ತಿದ. ಕೆಂಪು ಚುಕ್ಕಿ ಬೆನ್ನ ನಡುವೆ ಕೂತಿತು. ಗ್ಯೋಟೋಕು, ಅಪರ್ಣಾ, ಅವಳ ಕೈಯ ಬಿಸಿ ಅನ್ನ ಎಲ್ಲ ಆ ಚುಕ್ಕಿಯಲ್ಲಿತ್ತು. ಬೆರಳು ಟ್ರಿಗರಿನ ಮೇಲೆ ಬಂತು.

ಕಿವಿಯಲ್ಲಿ ಟಿಣ್ ಎಂದಿತು.

“ರೀ, ನಾನು ಏನು ತರೋಕೆ ಹೇಳಿದ್ದೆ, ನೆನಪಿದ್ಯಾ?” ಎಂದಳು ಅಪರ್ಣಾ.

ಹೃಷಿಕೇಶ ಉಸಿರಲ್ಲೇ “ಹಿಟ್ಟು” ಎಂದ.

“ಏನು? ಕೇಳಿಸ್ತಿಲ್ಲ. ನೋಡಿದ್ರಾ, ಮರೆತೇಬಿಟ್ರಿ!”

“ಹಿಟ್ಟು.”

“ಉಪ್ಪಾ? ಉಪ್ಪು ಯಾರು ಕೇಳಿದ್ರು ನಿಮ್ಮನ್ನ?”

ಮದುವೆಯಾದ ಗಂಡಸಿಗೆ ಇಂಥ ಹೊತ್ತಿನಲ್ಲಿ ಎಲ್ಲಿದ್ದೇನೆ ಎಂಬುದು ಮರೆತುಹೋಗುತ್ತದೆ.

“ಹಿಟ್ಟು ಕಣೇ! ಹಿಟ್ಟೂ!”

ಗೋಡೌನು ಪ್ರತಿಧ್ವನಿಸಿತು. ಕುರೋದಾ ಸಾನ್ ಬೆಚ್ಚಿ ತಿರುಗಿದ. ಅಂಪೈರ್ ಸೀಟಿ ಊದಿ ಹೃಷಿಕೇಶನ ಕಡೆ ಕೈ ತೋರಿಸಿದ. ಆಟ ಮುಗಿಯಿತು.

ಕುರೋದಾ ಸಾನ್ ಅವನನ್ನು ನೋಡಿದ, ಪಿಸ್ತೂಲನ್ನು ನೋಡಿದ, ತಾನು ನಿಂತಿದ್ದ ಜಾಗವನ್ನು ನೋಡಿದ. ಆತನ ಕಣ್ಣು ತೇವವಾಯಿತು.

“ಋಷಿ ಸಾನ್, ನಾನು ಗುಂಡು ಹಾರಿಸಲೇ ಇಲ್ಲ. ಎಲ್ಲಿಂದಲೋ ಸಿಡಿದು ಬಂದದ್ದು ನಿಮಗೆ ತಾಗಿರಬೇಕು. ಯಾರೂ ನೋಡಿರಲಿಲ್ಲ. ನನ್ನ ಬೆನ್ನು ನಿಮ್ಮೆದುರಿಗಿತ್ತು. ಆದರೂ ನೀವು ಒಪ್ಪಿಕೊಂಡಿರಿ. ಎರಡೆರಡು ಸಲ!”

“ಅಲ್ಲ ಕುರೋದಾ ಸಾನ್, ಅದು ಹೆಂಡತಿ... ಹಿಟ್ಟು ಅಂದರೆ...” ಜಪಾನೀಸಿನಲ್ಲಿ ಹಿಟ್ಟಿಗೆ ಏನನ್ನುತ್ತಾರೆ ಎಂದು ತಡಕಾಡಿ, “ಕೊನಾ! ಕೊನಾ!” ಎಂದ. ಆ ಪದಕ್ಕೆ ಹಿಟ್ಟೆಂದೂ ಅರ್ಥ, ಪುಡಿಯೆಂದೂ ಅರ್ಥ.

“ಪುಡಿಪುಡಿಯಾದೆ ಅನ್ನುತ್ತಿದ್ದಾರೆ. ಎಂಥ ವಿನಯ,” ಎಂದು ಕುರೋದಾ ಸಾನ್ ಸೊಂಟ ಬಗ್ಗಿಸಿ ನಮಸ್ಕರಿಸಿದ. ಸೀಟಿ ಕೇಳಿ ಒಳಗೆ ಬಂದಿದ್ದವರೂ ಬಗ್ಗಿದರು. ಎಲ್ಲರೂ ಬಗ್ಗಿದಾಗ ತಾನೊಬ್ಬನೇ ನಿಂತಿರಬಾರದೆಂದು ಹೃಷಿಕೇಶನೂ ಬಗ್ಗಿದ. ಅಲ್ಲಿಗೆ ಒಪ್ಪಿಕೊಂಡ ಹಾಗಾಯಿತು.

“ನಾಳೆ ಹೇಳಬೇಕೆಂದಿದ್ದೆ, ಈಗಲೇ ಹೇಳುತ್ತೇನೆ,” ಎಂದ ಕುರೋದಾ ಸಾನ್, ತಲೆಯೆತ್ತಿ. “ನೋಮಿಯ ಪ್ರೊಫೆಸರ್ ಕೇಳಿರುವುದು ಒಂದೇ ಮಾತು. ತಪ್ಪಾದರೆ ಯಾರೂ ಕಂಡುಹಿಡಿಯುವ ಮೊದಲೇ ತಾನಾಗಿ ಹೇಳುವಂಥ ಮನುಷ್ಯ ಬೇಕು ಎಂದು. ಇಂಥವರು ಎಲ್ಲಿ ಸಿಗುತ್ತಾರೆ ಎಂದು ಚಿಂತೆಯಾಗಿತ್ತು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಂಚಿನಲ್ಲಿದ್ದ ರಾಮಪ್ರಸಾದರು ಎಲ್ಲರಿಗಿಂತ ಜೋರಾಗಿ ತಟ್ಟಿ, “ಆ ಹೆಡ್‌ಸೆಟ್ ತಗೋ ಅಂದಿದ್ದು ನಾನೇ,” ಎಂದು ಪಕ್ಕದವರಿಗೆ ಕನ್ನಡದಲ್ಲಿ ಹೇಳಿದರು.

ರೈಲಿನಲ್ಲಿ ಹೃಷಿಕೇಶ ಕಿಟಕಿಯಾಚೆ ನೋಡುತ್ತ ಕೂತ. ಗ್ಯೋಟೋಕು ಬಂದಾಗ ಕಾಲು ತಾನಾಗಿ ಇಳಿಯಿತು. ನಿಶಿಕಸಾಯಿ ಇನ್ನೂ ಮುಂದಿತ್ತು ಎಂಬುದು ಅವನ ನೆನಪಿಗೆ ಬರಲಿಲ್ಲ.

ಬಾಗಿಲು ತೆಗೆದ ಅಪರ್ಣಾ ಅವನ ಕೈ ನೋಡಿದಳು. ಹಳದಿ ಚೀಲದಲ್ಲಿ ಪಿಸ್ತೂಲಿನ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ.

“ಅಷ್ಟು ಸಲ ಹೇಳಿದ್ದೀನಿ. ಏನ್ರೀ ಇದು?”

ಹೃಷಿಕೇಶ ಎದೆಯ ಮೇಲೆ ಒಂದು ಕೈಯಿಟ್ಟುಕೊಂಡು, ಇನ್ನೊಂದನ್ನು ಮೇಲೆತ್ತಿ, ಹೊಸ್ತಿಲಲ್ಲೇ ಕುಸಿದು ಕೂತ.

“ಹಿಟ್ಟೊ,” ಎಂದ.

ಈ ಸಲ ಅವನು ಆಡಿದ್ದು ಜಪಾನೀಸು.